ಬಾಯಿ ತೆರೆಸುವ ಕೆಲಸ

ನೀಲಗಂಗಾಳ ಎಡಗೆನ್ನೆ ಊದಿದ್ದು ಒಂದು ಸೋಮವಾರ ಬೆಳಿಗ್ಗೆ. ಹಾಸಿಗೆಯಿಂದ ಎದ್ದು ಬಂದ ಮಗಳನ್ನು ನೋಡಿ ಸಿದ್ಧಲಿಂಗೇಶ, "ಬಾಯಾಗ ಏನಿಟ್ಕೊಂಡೀದಿ, ಉಗುಳು," ಎಂದ. ಅವಳು ಉಗುಳಲಿಲ್ಲ. ಪ್ರತಿಭಾ ಒಲೆಯ ಮೇಲಿದ್ದ ಹಾಲನ್ನು ಇಳಿಸಿ ಬಂದು, ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ತುಟಿ ಸರಿಸಿದಳು. ಕೆಳಗಿನ ದವಡೆ ಹಲ್ಲೊಂದು ಕಪ್ಪಗೆ ಟೊಳ್ಳಾಗಿತ್ತು. ಅದರ ಬುಡದಲ್ಲಿ ಜೋಳದ ಕಾಳಿನಷ್ಟು ಕೀವು.

"ಇದು ಯಾವಾಗಿಂದ ಅತ್ತೆ?"

ಪ್ರೇಮಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಾಲಹಲ್ಲು ಅಲ್ಲೇನವಾ, ತಾನ ಬೀಳ್ತೈತಿ. ಲವಂಗದೆಣ್ಣಿ ಹಚ್ಚಾಕತ್ತೇನಿ."

"ಎಷ್ಟು ದಿನದಿಂದ ಹಚ್ತಿದ್ದೀರಿ?"

"ಹಚ್ಚಾಕತ್ತೇನಿ ಅಂದ್ನೆಲ್ಲ."

ಹಲಸೂರಿನ ಮಾರುಕಟ್ಟೆಯ ಹಿಂದೆ ಒಂದು ವಠಾರ. ನಡುವೆ ಅಂಗಳ, ಅಂಗಳದಲ್ಲಿ ಒಂದು ನಲ್ಲಿ, ಸುತ್ತ ಆರು ಬಾಗಿಲು. ಅದರಲ್ಲಿ ಎರಡು ಕೋಣೆಯ ಮನೆ ಇವರದು. ಸಿದ್ಧಲಿಂಗೇಶ ಕೆ.ಆರ್. ಪುರದ ಆಚೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಆ ವರ್ಷ ಅಲ್ಲಿ ತೂಗುಸೇತುವೆ ಕಟ್ಟುತ್ತಿದ್ದರು. ಬಸ್ಸು ದಿನಾ ಮುಕ್ಕಾಲು ಗಂಟೆ ನಿಂತಲ್ಲೇ ನಿಲ್ಲುತ್ತಿತ್ತು. ಪ್ರತಿಭಾಳಿಗೆ ಎಂ.ಜಿ. ರಸ್ತೆಯ ಬಳಿ ವಿಮಾ ಏಜೆಂಟರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಮಗು ಹುಟ್ಟಿದಾಗ ರೋಣದಿಂದ ಬಂದ ಪ್ರೇಮಕ್ಕ ಮತ್ತೆ ಹಿಂದಕ್ಕೆ ಹೋಗಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಶಾಲೆಯ ಮೂರು ಗಂಟೆ ಬಿಟ್ಟರೆ, ನೀಲಗಂಗಾ ಅಜ್ಜಿಯ ಕೈಯಲ್ಲೇ. ಈಗ ಅವಳಿಗೆ ಐದು ವರ್ಷ.

ಯಾವ ಹಲ್ಲಿನ ಡಾಕ್ಟರ್ ಬಳಿ ಹೋಗಬೇಕೆಂದು ಪ್ರತಿಭಾ ಯೋಚಿಸಬೇಕಾಗಲಿಲ್ಲ. ಎದುರು ಬಾಗಿಲಿನ ಅಹ್ಮದ್ ಪಾಷಾ, ಎರಡು ಬೀದಿ ಆಚೆ ಮೆಡಿಕಲ್ ಶಾಪಿನ ಮಹಡಿಯಲ್ಲಿರುವ ಡಾಕ್ಟರ್ ಆಶಾರಾಣಿಯ ಕ್ಲಿನಿಕ್ಕಿನಲ್ಲಿ ಹಲ್ಲಿನ ಸೆಟ್ಟು ಮಾಡುವ ಮೆಕ್ಯಾನಿಕ್. ಪ್ಲಾಸ್ಟರಿನಲ್ಲಿ ದವಡೆಯ ಅಚ್ಚು ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸುವುದು ಅವನ ಕೆಲಸ. "ನಮ್ಮ ಡಾಕ್ಟರಮ್ಮನ ಕೈ ಹೂವು," ಎಂದು ಒಮ್ಮೆ ನಲ್ಲಿಯ ಹತ್ತಿರ ಹೇಳಿದ್ದ.

ಮಂಗಳವಾರ ಅವಳು ಅರ್ಧ ದಿನ ರಜೆ ಹಾಕಿದಳು. ಹಿಂದಿನ ಸಂಜೆಯೇ ಮಗಳನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಚಮಚದ ಹಿಡಿಕೆಯಿಂದ ಹಲ್ಲು ಎಣಿಸಿದಳು.

"ಡಾಕ್ಟರ್ ಆಂಟಿ ಹಿಂಗೇ ಎಣಿಸ್ತಾರೆ. ಒಂದು, ಎರಡು, ಮೂರು. ಆಮೇಲೆ ಆ ಕಪ್ಪು ಹಲ್ಲನ್ನ ತೊಳೀತಾರೆ. ಸ್ವಲ್ಪ ಜುಂ ಅನ್ನತ್ತೆ. ನಾನು ಪಕ್ಕದಲ್ಲೇ ಇರ್ತೀನಿ."

"ಕುರ್ಚಿ ಮ್ಯಾಲ ಹೋಗ್ತೈತಂತ, ಹೌದಾ?"

"ಮೇಲೂ ಹೋಗತ್ತೆ, ಕೆಳಗೂ ಬರತ್ತೆ."

ಮೂಲೆಯಲ್ಲಿ ಕೂತು ಪ್ರೇಮಕ್ಕ ಬತ್ತಿ ಹೊಸೆಯುತ್ತಿದ್ದಳು.

ಕುರ್ಚಿ ನಿಜವಾಗಿಯೂ ಮೇಲೆ ಹೋಯಿತು. ನೀಲಗಂಗಾ ನಕ್ಕಳು. ಡಾಕ್ಟರ್ ಆಶಾರಾಣಿ ಚಿಕ್ಕ ವಯಸ್ಸಿನವಳು. ಕನ್ನಡಿಯನ್ನು ಮೊದಲು ಮಗುವಿನ ಕೈಗೇ ಕೊಟ್ಟು, "ನನ್ನ ಮೂಗು ಕಾಣತ್ತಾ ನೋಡು," ಎಂದಳು. ಮಗು ನೋಡಿತು. ಆಮೇಲೆ ಬಾಯಿ ತೆರೆಯಿತು. ಡಾಕ್ಟರ್ ಎಣಿಸತೊಡಗಿದಳು. ಏಳಕ್ಕೆ ಬರುವಾಗ ಒಳಗಿನ ಕೋಣೆಯ ಬಾಗಿಲು ತೆರೆದು ಪಾಷಾ ಹೊರಗೆ ಬಂದ. ಅವನ ಎರಡೂ ಕೈಯಲ್ಲಿ ಟ್ರೇ. ಟ್ರೇಯಲ್ಲಿ ನಾಲ್ಕು ಬಿಳಿ ದವಡೆಗಳು.

ನೀಲಗಂಗಾ ಬಾಯಿ ಮುಚ್ಚಿದಳು. ಡಾಕ್ಟರ ಬೆರಳು ಒಳಗೇ ಇತ್ತು.

ಬೆರಳು ಬಿಡಿಸಿಕೊಂಡ ಮೇಲೆ ಚೀರಾಟ ಶುರುವಾಯಿತು. "ಉಂಡೇನಿ! ನಾ ಎಲ್ಲಾ ಉಂಡೇನಿ! ಪಲ್ಯಾನೂ ಉಂಡೇನಿ! ಪಾಷಾ ಬ್ಯಾಡ, ನಾ ಉಂಡೇನಿ!"

ಹೊರಗಿನ ಬೆಂಚಿನಲ್ಲಿ ಕೂತಿದ್ದವರು ಬಾಗಿಲತ್ತ ತಿರುಗಿದರು. ಪಾಷಾ ಟ್ರೇ ಹಿಡಿದುಕೊಂಡು ನಿಂತಿದ್ದ. ಎಲ್ಲಿ ಇಡುವುದೆಂದು ತಿಳಿಯದವನಂತೆ ಅತ್ತ ಇತ್ತ ನೋಡಿದ. ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಡಾಕ್ಟರ್ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಹೇಳಿದಳು. "ಕೀವಿಗೆ ಸಿರಪ್ ಬರೆದು ಕೊಡ್ತೀನಿ, ಊತ ಇಳಿಯತ್ತೆ. ಆದ್ರೆ ಅದು ವಾಪಸ್ ಬರತ್ತೆ. ಎರಡು ಮೂರು ವಾರದಲ್ಲಿ ರೆಡಿ ಮಾಡಿ ಕರ್ಕೊಂಡು ಬನ್ನಿ. ಕೂರಲೇ ಇಲ್ಲ ಅಂದ್ರೆ ದೊಡ್ಡಾಸ್ಪತ್ರೇಲಿ ಪ್ರಜ್ಞೆ ತಪ್ಪಿಸಿ ಮಾಡಿಸ್ಬೇಕು. ಇಷ್ಟು ಚಿಕ್ಕ ಮಗೂಗೆ ಅದು ಬೇಡ ಅಂತ ನನ್ನ ಅಭಿಪ್ರಾಯ."

ಮನೆಗೆ ಬಂದ ಪ್ರತಿಭಾ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಅತ್ತೆ, ಪಾಷಾ ಅವ್ರು ಇವ್ಳಿಗೆ ಏನ್ ಮಾಡಿದಾರೆ?"

"ಏನ್ ಮಾಡ್ಯಾನ? ಪಾಪ, ತನ್ನ ಪಾಡಿಗೆ ತಾನಿರ್ತಾನ."

"ಮತ್ತೆ ಅವ್ರನ್ನ ನೋಡಿ ಯಾಕೆ ಹಂಗೆ ಕಿರುಚಿದ್ಲು?"

ಉತ್ತರ ಹೇಳಿದ್ದು ನೀಲಗಂಗಾ. ಅತ್ತು ಅತ್ತು ಅವಳ ದನಿ ಒಡೆದಿತ್ತು. "ಉಣ್ಣಲಿಲ್ಲಂದ್ರ ಪಾಷಾ ಬಂದು ಹಲ್ಲೆಲ್ಲಾ ಕಿತ್ಕೊಂಡು ಹೋಗ್ತಾನ. ಕಿತ್ತಿದ್ದನ್ನ ಟ್ರೇದಾಗ ಇಟ್ಟಿದ್ದ. ನಾ ನೋಡೇನಿ."

ಪ್ರತಿಭಾ ಅತ್ತೆಯನ್ನು ನೋಡಿದಳು. ಪ್ರೇಮಕ್ಕ ಅಕ್ಕಿಯಲ್ಲಿ ಕಲ್ಲು ಹುಡುಕಿದಳು.

ಅದು ಶುರುವಾಗಿದ್ದು ಮೂರು ವರ್ಷದ ಹಿಂದೆ. ಆಗ ಮಗುವಿಗೆ ಒಂದು ತುತ್ತು ನುಂಗಿಸಲು ಹತ್ತು ನಿಮಿಷ ಬೇಕಿತ್ತು. ಒಂದು ಮಧ್ಯಾಹ್ನ ಅಂಗಳದಲ್ಲಿ ಪಾಷಾನ ಸ್ಕೂಟರಿನಿಂದ ಚೀಲ ಜಾರಿ ಬಿದ್ದು ಪ್ಲಾಸ್ಟರಿನ ದವಡೆಯೊಂದು ಕಲ್ಲಿನ ಮೇಲೆ ಉರುಳಿತು. ಮಗು ಅದನ್ನು ನೋಡಿ, ಬಾಯಲ್ಲಿದ್ದುದನ್ನು ಒಂದೇ ಸಲ ನುಂಗಿತು. ಪ್ರೇಮಕ್ಕ ಮುಂದಿನ ತುತ್ತು ಎತ್ತಿ, "ನೋಡಿದೇನು? ಉಣದವರ ಹಲ್ಲು," ಎಂದಳು. ಅಂದಿನಿಂದ ಊಟ ಕಾಲು ಗಂಟೆಯಲ್ಲಿ ಮುಗಿಯತೊಡಗಿತು. ತಟ್ಟೆ ಖಾಲಿಯಾದರೆ ಒಂದು ಚೂರು ಬೆಲ್ಲ. ಸಂಜೆ ಸೊಸೆ ಬಂದಾಗ, "ನನ್ನ ಮೊಮ್ಮಗಳು ತಾಟು ತೊಳದಾಂಗ ಉಣ್ತಾಳ," ಎಂದು ಹೇಳಿಕೊಳ್ಳುತ್ತಿದ್ದಳು.

ಆ ಮಂಗಳವಾರ ರಾತ್ರಿ ಸಿದ್ಧಲಿಂಗೇಶ ಊಟಕ್ಕೆ ಕೂತಾಗಲೂ ಮಾತು ಮುಗಿದಿರಲಿಲ್ಲ.

"ಹೆದರ್ಸೋಕೆ ಪಾಷಾ, ಸಮಾಧಾನಕ್ಕೆ ಬೆಲ್ಲ," ಎಂದಳು ಪ್ರತಿಭಾ. "ಹಲ್ಲು ಕೆಡಿಸಿದ್ದೂ ನೀವೇ, ಹಲ್ಲಿನ ಡಾಕ್ಟರ್ ಹತ್ರ ಹೋಗ್ದಂಗೆ ಮಾಡಿದ್ದೂ ನೀವೇ."

"ಎಲ್ಲಾರೂ ಹಂಗ ಬೆಳಿಸ್ಯಾರ. ಇವಗ ಬುಡಬುಡಿಕ್ಯಾಂವನ ಹೆಸರು ಹೇಳಿ ಉಣಿಸೇನಿ. ಈಗ ನಾಕ್ ನಾಕ್ ರೊಟ್ಟಿ ತಿಂತಾನ."

ನಾಲ್ಕನೆಯ ರೊಟ್ಟಿಗೆ ಕೈಯೊಡ್ಡಿದ್ದ ಸಿದ್ಧಲಿಂಗೇಶ ಕೈ ಹಿಂದೆಗೆದ.

"ಬುಡಬುಡಿಕೆಯವರು ವರ್ಷಕ್ಕೊಂದ್ಸಲ ಬಂದು ಹೋಗ್ತಾರೆ ಅತ್ತೆ. ಪಾಷಾ ಅವರ ಬಾಗಿಲು ನಮ್ಮ ಬಾಗಿಲಿಗೆ ಎದುರಿಗೇ ಇದೆ."

"ಬ್ಯಾರೆ ಡಾಕ್ಟರ್ ಕಡೆ ಹೋದ್ರಾತು," ಎಂದ ಸಿದ್ಧಲಿಂಗೇಶ.

ಶನಿವಾರ ಅವನೇ ಮಗಳನ್ನು ಆಟೋದಲ್ಲಿ ಇಂದಿರಾನಗರಕ್ಕೆ ಕರೆದುಕೊಂಡು ಹೋದ. ಗಾಜಿನ ಬಾಗಿಲಿನ ಕ್ಲಿನಿಕ್. ಮೆಟ್ಟಿಲ ಮೇಲೆ ಅವಳು ಕಂಬಿ ಹಿಡಿದುಕೊಂಡು ನಿಂತುಬಿಟ್ಟಳು.

"ಒಳಗ ಪಾಷಾ ಅದಾನ."

"ಇಲ್ಲವಾ. ಅಂವಾ ಇಲ್ಲಿ ಕೆಲಸ ಮಾಡಂಗಿಲ್ಲ."

"ಮತ್ತ ಇಲ್ಲಿ ಹಲ್ಲು ಯಾರು ಕೀಳ್ತಾರ?"

ಈ ಪ್ರಶ್ನೆಗೆ ಸಿದ್ಧಲಿಂಗೇಶ ಉತ್ತರ ಯೋಚಿಸುವುದರೊಳಗೆ ಅವಳು ಕಂಬಿಯನ್ನು ಎರಡೂ ಕೈಯಿಂದ ತಬ್ಬಿದ್ದಳು. ಅದೇ ಆಟೋದಲ್ಲಿ ತಿರುಗಿ ಬಂದರು.

ಆ ರಾತ್ರಿಯ ಪಾತ್ರೆ ತೊಳೆಯುತ್ತ ಪ್ರತಿಭಾ ಬೆನ್ನು ತಿರುಗಿಸದೆ ಹೇಳಿದಳು. "ಎಲ್ಲಿ ಹೋದ್ರೂ ಒಳಗೆ ಪಾಷಾ ಅವ್ರೇ ಇರ್ತಾರೆ. ಡಾಕ್ಟರನ್ನ ಬದಲಾಯಿಸಿ ಪ್ರಯೋಜನ ಇಲ್ಲ. ಅವ್ರನ್ನೇ ಇವ್ಳ ಕಣ್ಣಿಗೆ ಮನುಷ್ಯ ಮಾಡ್ಬೇಕು. ಮಾಡಿ ಅತ್ತೆ."

ಮರುದಿನ ಪ್ರೇಮಕ್ಕ ಅಂಗಳ ದಾಟಿದಳು. ಎದುರು ಮನೆಯಲ್ಲಿ ಪಾಷಾನ ಹೆಂಡತಿ ಜಹನಾರಾ ನೆಲದ ಮೇಲೆ ಕೂತು, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಪ್ರೇಮಕ್ಕ ಹೊಸ್ತಿಲ ಈಚೆ ನಿಂತಳು.

"ಒಳಗೆ ಬನ್ನಿ ಅಮ್ಮಾ. ಹೊಸ್ತಿಲು ಕಚ್ಚಲ್ಲ."

"ಇಲ್ಲೇ ಇರ್ತೀನವಾ. ಒಲಿ ಮ್ಯಾಲ ಬ್ಯಾಳಿ ಐತಿ. ನಿಮ್ಮ ಯಜಮಾನ್ರನ್ನ ಬರೂ ಆಯಿತವಾರ ಊಟಕ್ಕ ಕಳಸ್ತೀಯೇನು?"

ಜಹನಾರಾ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ಮೂರು ವರ್ಷ ಭೂತ ಬೇಕಿತ್ತು. ಈಗ ಮನುಷ್ಯ ಬೇಕಾಯ್ತಾ?"

ಪ್ರೇಮಕ್ಕ ಸೆರಗನ್ನು ಹೆಗಲಿಗೆ ಎಳೆದುಕೊಂಡಳು.

"ನಿಮ್ಮ ಹುಡುಗಿ ಅಂಗಳದಲ್ಲಿ ಆಡ್ತಿದ್ರೆ ಇವ್ರು ಒಳಗೇ ಕೂತಿರ್ತಾರೆ, ಗೊತ್ತಾ? ಅವ್ಳು ಸ್ಕೂಲಿಗೆ ಹೋದ್ಮೇಲೆ ಗಾಡಿ ತೆಗೀತಾರೆ. ಒಂದಿನ ಕನ್ನಡಿ ಮುಂದೆ ನಿಂತು ಕೇಳ್ತಾರೆ, ಜಹನಾರಾ, ನನ್ ಶಕಲ್ ಅಷ್ಟು ಖರಾಬ್ ಇದ್ಯಾ ಅಂತ. ನಾನೇನ್ ಹೇಳ್ಲಿ?"

"ಬಸ್, ಬಸ್," ಎನ್ನುತ್ತ ಒಳಗಿನಿಂದ ಪಾಷಾ ಬಂದ. ಐವತ್ತರ ಗಂಡಸು. ತೆಳ್ಳಗೆ, ಗಡ್ಡ ಅರ್ಧ ನೆರೆತಿತ್ತು. ಉಗುರುಗಳ ಅಂಚಿನಲ್ಲಿ ಪ್ಲಾಸ್ಟರಿನ ಬಿಳುಪು. "ಬರ್ತೀನಿ ಅಮ್ಮಾ. ಎಷ್ಟು ಗಂಟೆಗೆ?"

"ಒಂದಕ್ಕ."

"ಆಯ್ತು. ಟ್ರೇ ತರಲ್ಲ."

ಭಾನುವಾರ ಒಂದಕ್ಕೆ ಸರಿಯಾಗಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಮಗು ಒಳಕೋಣೆಯ ಪರದೆಯ ಹಿಂದೆ ಹೋಯಿತು. ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು. ಪ್ರೇಮಕ್ಕ ಬಡಿಸಿದಳು. ಮಗನಿಗೆ ಸ್ಟೀಲ್ ತಟ್ಟೆ, ಪಕ್ಕದಲ್ಲಿ ಪಾಷಾನಿಗೆ ಮಾರುಕಟ್ಟೆಯಿಂದ ತಂದ ಮುತ್ತುಗದ ಎಲೆ. ನೀರಿಗೆ ಪ್ಲಾಸ್ಟಿಕ್ ಲೋಟ. ಎಣ್ಣೆಗಾಯಿ ಎರಡಕ್ಕೂ ಒಂದೇ ಪಾತ್ರೆಯಿಂದ ಬಂತು, ಆದರೆ ಎಲೆಗೆ ಬಡಿಸುವಾಗ ಸೌಟು ಸ್ವಲ್ಪ ಮೇಲೇ ನಿಂತಿತು.

ಪರದೆಯ ಹಿಂದಿನಿಂದ ದನಿ ಬಂತು. "ಅಜ್ಜೀ, ಅವಗ ತಾಟು ಯಾಕ ಕೊಟ್ಟಿಲ್ಲ?"

"ಪಾವಣ್ಯಾರಿಗೆ ಎಲಿ ಹಾಕ್ತಾರವಾ."

"ಧಾರವಾಡದ ಮಾಮಾ ಬಂದಾಗ ತಾಟು ಕೊಟ್ಟಿದ್ದಿ."

ಸಿದ್ಧಲಿಂಗೇಶ ಪಾಷಾನಿಗೆ ಸೇತುವೆಯ ಕೆಲಸ ಎಲ್ಲಿಗೆ ಬಂತೆಂದು ವಿವರಿಸತೊಡಗಿದ.

"ನಮ್ಮ ತಾಟು ಮುಟ್ಟಿದ್ರ ಏನ್ ಮಾಡ್ತಾನ ಅಜ್ಜೀ?"

ಪಾಷಾ ಎರಡು ರೊಟ್ಟಿ ತಿಂದ, ಚೆನ್ನಾಗಿದೆ ಎಂದ, ತಾನೇ ಎಲೆ ಮಡಚಿ ಎತ್ತಿಕೊಂಡು ಹೋಗಿ, ಅಂಗಳದ ನಲ್ಲಿಯಲ್ಲಿ ಕೈ ತೊಳೆದ. ಮಗು ಹೊರಗೆ ಬಂದಿದ್ದು ಎದುರು ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ.

"ನಾ ಕರದೆ, ಉಣ್ಣಾಕ ಹಾಕಿದೆ," ಎಂದಳು ಪ್ರೇಮಕ್ಕ. "ಇನ್ನೇನ್ ಮಾಡ್ಲಿ?"

"ಒಳ್ಳೆಯವ್ರು ಅಂತ ಬಾಯಲ್ಲಿ ಹೇಳ್ತೀರಿ. ಎಲೆ ಹಾಕಿ ಇನ್ನೊಂದು ಹೇಳ್ತೀರಿ. ಅವ್ಳು ಯಾವ್ದನ್ನ ನಂಬ್ಬೇಕು ಅತ್ತೆ?"

"ನಲವತ್ತು ವರ್ಷದ ರೂಢಿ ನಂದು. ನಿನ್ನಂಗ ನಾ ಟೈಪ್ ಹೊಡಿಯಾಕಿ ಅಲ್ಲ, ತಪ್ಪಾದ್ರ ಅಳಿಸಿ ಮತ್ತ ಹೊಡಿಯಾಕ."

ಆ ವಾರ ಇಬ್ಬರ ನಡುವೆ ಬೇಕಾದಷ್ಟೇ ಮಾತು. ನೀರು ಬಂತು, ಗ್ಯಾಸ್ ಬುಕ್ ಮಾಡಬೇಕು, ಸಿರಪ್ ಕುಡಿಸಿದ್ದಾಯಿತು. ಮಗು ಮಾತ್ರ ಪ್ರತಿದಿನ ಸಂಜೆ ಅಮ್ಮನ ಮುಂದೆ ಬಾಯಿ ತೆರೆದು ಚಮಚದಲ್ಲಿ ಹಲ್ಲು ಎಣಿಸಿಕೊಳ್ಳುತ್ತಿತ್ತು. ಇಪ್ಪತ್ತೂ ಎಣಿಸಿ ಮುಗಿದ ಮೇಲೆ ದಿನವೂ ಒಂದೇ ಪ್ರಶ್ನೆ. "ಅಲ್ಲಿ ಪಾಷಾ ಯಾವ ಕಡೆ ನಿಂತಿರ್ತಾನ?"

ಮುಂದಿನ ಭಾನುವಾರ ಪ್ರೇಮಕ್ಕ ಅಟ್ಟಣಿಗೆಯಿಂದ ಐದು ಸ್ಟೀಲ್ ತಟ್ಟೆ ತೆಗೆದು ಒರೆಸಿದಳು. ಸಾಲಾಗಿ ಇಟ್ಟಳು. ಯಾವುದು ಯಾರದೆಂದು ಹೇಳಲಿಲ್ಲ. ಈ ಸಲ ಪಾಷಾನ ಹಿಂದೆ ಜಹನಾರಾ ಕೂಡ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ಕೈಯಲ್ಲಿ ಡಬ್ಬಿಯಿತ್ತು.

"ಇನ್ನೊಂದು ತಾಟು ತಾ ಪ್ರತಿಭಾ," ಎಂದಳು ಪ್ರೇಮಕ್ಕ.

"ಶಾವಿಗೆ ಪಾಯಸ ಅಮ್ಮಾ. ಹಾಲು, ಸಕ್ಕರೆ, ಶಾವಿಗೆ. ಬೇರೆ ಏನೂ ಇಲ್ಲ, ಹೆದರ್ಬೇಡಿ."

ಪ್ರೇಮಕ್ಕ ಒಂದು ಚಮಚ ಬಾಯಿಗಿಟ್ಟಳು. ಎಲ್ಲರೂ ನೋಡುತ್ತಿದ್ದರು. ನುಂಗಿದಳು. "ಸಕ್ಕರಿ ಜಾಸ್ತಿ ಆತು."

"ಹಲ್ಲಿನ ಮೆಕ್ಯಾನಿಕ್ ಮನೆಯಲ್ಲಿ ಸಕ್ಕರೆ ಕಮ್ಮಿ ಹಾಕಿದ್ರೆ ಧಂದಾ ನಡೆಯುತ್ತಾ?" ಎಂದಳು ಜಹನಾರಾ.

ಮೊದಲು ನಕ್ಕವಳು ಪ್ರತಿಭಾ. ಪರದೆ ಅಲ್ಲಾಡಿತು. ನೀಲಗಂಗಾಳ ಅರ್ಧ ಮುಖ ಹೊರಗೆ ಬಂತು. ಪಾಷಾ ಅವಳತ್ತ ನೋಡದೆ, ಬಾಯಿಗೆ ಕೈ ಹಾಕಿ, ಮೇಲಿನ ಎರಡು ಹಲ್ಲುಗಳನ್ನು ಕಳಚಿ ಅಂಗೈ ಮೇಲೆ ಇಟ್ಟುಕೊಂಡ. ಗುಲಾಬಿ ಬಣ್ಣದ ತಗಡಿನಂಥದ್ದಕ್ಕೆ ಅಂಟಿದ ಎರಡು ಹಲ್ಲು.

"ನಿಮ್ಮ ಹಲ್ಲು ಯಾರು ಕಿತ್ರು?" ಎಂದಳು ನೀಲಗಂಗಾ.

"ಯಾರೂ ಕೀಳಲಿಲ್ಲ ಬೇಟಿ. ಸ್ಕೂಟರಿಂದ ಬಿದ್ದೆ," ಎಂದ ಪಾಷಾ. ಹಲ್ಲಿಲ್ಲದ ಕಡೆಯಿಂದ ಗಾಳಿ ಹೊರಟು ಮಾತು ಪುಸಪುಸ ಎಂದಿತು. "ಇದು ನಾನೇ ಮಾಡ್ಕೊಂಡೆ."

ಮಗು ಚಮಚ ತಂದಿತು. ಒಂದು ಮೊಳ ದೂರದಿಂದಲೇ ಕೈ ಚಾಚಿ ಪಾಷಾನ ಹಲ್ಲುಗಳನ್ನು ಎಣಿಸಿತು. ಹದಿನೆಂಟರಲ್ಲಿ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿತು. ಪಾಷಾ ಬಾಯಿ ತೆರೆದುಕೊಂಡೇ ಕೂತಿದ್ದ. ಎಣಿಸಿ ಮುಗಿದ ಮೇಲೆ ಅವಳು ಕೇಳಿದಳು.

"ಉಣದವರ ಹಲ್ಲು ನೀವು ಕಿತ್ಕೊಂಡು ಹೋಗ್ತೀರಂತ. ಹೌದಾ?"

ಪಾಷಾ ಹಲ್ಲನ್ನು ಬಾಯಿಗೆ ಸೇರಿಸಿ, ನಾಲಿಗೆಯಿಂದ ಒತ್ತಿ ಕೂರಿಸಿದ. "ಅದನ್ನ ನಾನು ಹೇಳ್ಬಾರ್ದು. ಕಳ್ಳನ್ನ ನೀನು ಕದ್ಯಾ ಅಂತ ಕೇಳಿದ್ರೆ ಇಲ್ಲಾ ಅಂತಾನೆ, ನೀನು ನಂಬ್ತೀಯಾ? ಹೇಳಿದವ್ರನ್ನ ಕೇಳು."

ನೀಲಗಂಗಾ ಅಜ್ಜಿಯತ್ತ ತಿರುಗಿದಳು. ಪ್ರೇಮಕ್ಕ ಪಾತ್ರೆಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು.

"ಮೊದಲ ಕೀಳ್ತಿದ್ರು," ಎಂದಳು. "ಈಗ ಬಿಟ್ಟಾರ."

ಜಹನಾರಾ ಹಣೆ ಬಡಿದುಕೊಂಡಳು. "ತೌಬಾ!"

"ಮತ್ತ ಶುರು ಮಾಡಿದ್ರ?" ಎಂದಳು ನೀಲಗಂಗಾ.

"ಮಾಡಂಗಿಲ್ಲ."

"ಯಾಕ ಮಾಡಂಗಿಲ್ಲ?"

ಪಾಷಾ ಡಬ್ಬಿ ಎತ್ತಿಕೊಂಡು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಸಿದ್ಧಲಿಂಗೇಶನಿಗೆ ಮಾತ್ರ ಕೇಳುವಂತೆ ಹೇಳಿದ. "ಸಾರ್, ಊಟ ಚೆನ್ನಾಗಿತ್ತು. ಮುಂದಿನ ವಾರ ಬೇಡ."

ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಕೊಡ ತುಂಬುವಾಗ ಸಿದ್ಧಲಿಂಗೇಶ ತಾಯಿಗೆ ಹೇಳಿದ. "ಅವ್ವಾ, ಒಂದು ಮಾತು. ಸುಳ್ಳ ಹೇಳಿದ್ದೆ ಅಂತ ಅಂದ್ರ ಮುಗೀತು."

"ನಿನಗ ಮುಗೀತೈತಿ." ಪ್ರೇಮಕ್ಕ ಕೊಡವನ್ನು ಓರೆ ಮಾಡಿ ಹಿಡಿದಳು. "ನಾಳೆ ಗ್ಯಾಸ್ ಮುಟ್ಟಬ್ಯಾಡ ಅಂತೀನಿ. ರಸ್ತೇಕ ಓಡಬ್ಯಾಡ ಅಂತೀನಿ. ಕೇಳ್ತಾಳೇನು? ನೀವಿಬ್ರೂ ಮುಂಜಾನೆ ಹೋದ್ರ ಸಂಜೀಕ ಬರ್ತೀರಿ. ಇಡೀ ದಿವಸ ನನ್ನ ಕೈಯಾಗ ಏನೈತಿ? ಬಡಿಗಿ ಐತೇನು? ನನ್ನ ಮಾತೊಂದ ಐತಿ. ಅದನ್ನೂ ಕಸ್ಕೋರಿ."

"ಹಲ್ಲು, ಅವ್ವಾ."

"ಗೊತ್ತೈತಿ."

ಕೊಡ ತುಂಬಿ ಹೊರಚೆಲ್ಲಿತು. ಹಿಂದೆ ನಿಂತಿದ್ದವರು ಅಮ್ಮಾ, ಸರೀರಿ ಎಂದರು.

ಗುರುವಾರ ಕೆನ್ನೆ ಮತ್ತೆ ಊದಿತು. ಈ ಸಲ ಜ್ವರವೂ ಇತ್ತು. ಶುಕ್ರವಾರ ಸಂಜೆ ಐದಕ್ಕೆ ಡಾಕ್ಟರ್ ಬರಹೇಳಿದಳು. ಪ್ರತಿಭಾ ಆಫೀಸಿನಿಂದ ಬೇಗ ಬಂದಳು. "ನೀವೂ ಬನ್ನಿ ಅತ್ತೆ," ಎಂದಳು. ಪ್ರೇಮಕ್ಕ ಆಗಲೇ ಸೀರೆ ಬದಲಾಯಿಸಿ ಕೂತಿದ್ದಳು.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಎರಡು ಬೆಂಚು. ಒಂದರಲ್ಲಿ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡ ಮುದುಕ, ಹಲ್ಲಿನ ಅಳತೆಗೆ ಬಂದ ಗಂಡ ಹೆಂಡತಿ. ಇನ್ನೊಂದರಲ್ಲಿ ಮೂರು ವರ್ಷದ ಹೆಣ್ಣುಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ. ಆ ಮಗು ಒಂದೇ ಸಮನೆ ಅಳುತ್ತಿತ್ತು.

ನೀಲಗಂಗಾ ಒಳಬಾಗಿಲವರೆಗೆ ತಾನಾಗಿ ನಡೆದಳು. ಬಾಗಿಲು ತೆರೆದವನು ಪಾಷಾ. ಬಿಳಿ ಕೋಟು ಹಾಕಿದ್ದ. ಕೈ ಎರಡನ್ನೂ ಖಾಲಿ ಇಟ್ಟುಕೊಂಡಿದ್ದ. ಅವಳು ನಿಂತಳು. ಅವನ ಕೈ ನೋಡಿದಳು, ಹಿಂದಿನ ಕೋಣೆಯನ್ನು ಇಣುಕಿದಳು.

"ಮತ್ತ ಶುರು ಮಾಡ್ಯಾರೇನು?"

ಕೇಳಿದ್ದು ಅಜ್ಜಿಯನ್ನು. ಪಾಷಾ ಬಾಗಿಲು ಹಿಡಿದುಕೊಂಡು ಕಾಯುತ್ತಿದ್ದ. ಪ್ರತಿಭಾ ಅತ್ತೆಯ ಮುಖ ನೋಡಲಿಲ್ಲ, ನೆಲ ನೋಡಿದಳು. ಒಳಗಿನಿಂದ ಡಾಕ್ಟರ್, "ಬಾ ಪುಟ್ಟಾ," ಎಂದು ಕರೆದಳು.

ಪ್ರೇಮಕ್ಕ ಮೊಮ್ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಎಂದೂ ಕಿತ್ತಿಲ್ಲ. ಒಂದು ಹಲ್ಲೂ ಕಿತ್ತಿಲ್ಲ. ಅವರು ಹಲ್ಲ ಹೋದವರಿಗೆ ಹೊಸಾವು ಮಾಡಿ ಕೊಡ್ತಾರ. ನಾ ಸುಳ್ಳ ಹೇಳಿದ್ದೆ."

"ಯಾವಾಗ?"

"ಯಾವಾಗ್ಲೂ. ನೀ ಉಣ್ಲಿ ಅಂತ."

ಮುದುಕ ಕರವಸ್ತ್ರ ಕೆಳಗಿಳಿಸಿ ಆಲಿಸುತ್ತಿದ್ದ. ನೀಲಗಂಗಾ ಒಂದೊಂದೇ ಬೆರಳು ಮಡಚತೊಡಗಿದಳು.

"ಕಲ್ಲಂಗಡಿ ಬೀಜ ನುಂಗಿದ್ರ ಹೊಟ್ಟ್ಯಾಗ ಬಳ್ಳಿ ಬೆಳೀತೈತಿ ಅಂದಿದ್ದಿ."

"ಅದೂ ಸುಳ್ಳ."

"ಸಂಜೀಕ ಸೀಟಿ ಹೊಡದ್ರ ಹಾವು ಬರ್ತೈತಿ ಅಂದಿದ್ದಿ."

"ಅದೂ."

"ನಾ ಬಾಜೂಕ ಮಲಗಲಿಲ್ಲಂದ್ರ ನಿನಗ ನಿದ್ದಿ ಬರಂಗಿಲ್ಲ ಅಂದಿದ್ದಿ."

"ಅದು ಖರೇ."

ನೀಲಗಂಗಾ ಅಜ್ಜಿಯನ್ನು ನೋಡಿದಳು. ಬಳ್ಳಿ ಮತ್ತು ಹಾವಿನ ಮಾತು ಕೇಳುವಾಗ ನೋಡಿದ ಹಾಗೆಯೇ ನೋಡಿದಳು. ಆಮೇಲೆ ಒಂದು ಸಲ ಗೋಣು ಹಾಕಿದಳು, ದೊಡ್ಡವರು ಮಕ್ಕಳ ಮಾತಿಗೆ ಹಾಕುವಂತೆ.

ಪ್ರೇಮಕ್ಕ ಏಳಲು ಮೊಣಕಾಲಿಗೆ ಕೈ ಕೊಟ್ಟಳು. "ನಡಿ, ನಾನೂ ಬರ್ತೀನಿ."

"ಬ್ಯಾಡ. ನೀ ಇಲ್ಲೇ ಕೂಡು," ಎಂದಳು ನೀಲಗಂಗಾ. ಒಂದು ಕೈಯಲ್ಲಿ ಅಮ್ಮನ ಸೆರಗು ಹಿಡಿದು ಒಳಗೆ ಹೋದಳು. ಹೋಗುವಾಗ ಪಾಷಾನ ಕೋಟನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಪಾಷಾ ಪ್ರೇಮಕ್ಕನತ್ತ ಒಮ್ಮೆ ತಲೆಯಾಡಿಸಿ ಬಾಗಿಲು ಹಾಕಿದ.

ಪ್ರೇಮಕ್ಕ ಬೆಂಚಿನ ತುದಿಯಲ್ಲಿ ಕೂತಳು. ಒಳಗೆ ಕುರ್ಚಿ ಏರುವ ಸದ್ದು. ಡಾಕ್ಟರ್ ಎಣಿಸುವ ಸದ್ದು. ಇಪ್ಪತ್ತರವರೆಗೂ ಎಣಿಕೆ ನಿಲ್ಲಲಿಲ್ಲ. ಆಮೇಲೆ ಮಷೀನು ಜುಂ ಎಂದಿತು. ಒಂದು ಸಲ ಮಗು ಆಂ ಎಂದು ನರಳಿತು. ಪಾಷಾ ಏನೋ ಹೇಳಿದ. ಪ್ರತಿಭಾ ನಕ್ಕಳು. ಮಷೀನು ಮತ್ತೆ ಶುರುವಾಯಿತು. ಚೀರಾಟ ಬರಲಿಲ್ಲ.

ಪ್ರೇಮಕ್ಕ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು. ತುಟಿ ಬಿಗಿದಿತ್ತು.

ಪಕ್ಕದ ಬೆಂಚಿನ ಮಗುವಿಗೆ ಮಷೀನಿನ ಸದ್ದು ಕೇಳಿ ಅಳು ಜೋರಾಯಿತು. ಕಾಲು ಝಾಡಿಸತೊಡಗಿತು. ತಾಯಿ ಅದರ ಬಾಯಿ ಮುಚ್ಚಲು ನೋಡಿದಳು. ಬಿಸ್ಕತ್ತು ಕೊಟ್ಟಳು, ಅದು ನೆಲಕ್ಕೆ ಬಿತ್ತು. ಕೊನೆಗೆ ಮಗುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಪ್ರೇಮಕ್ಕನ ಕಡೆಗೆ ತಿರುಗಿಸಿದಳು.

"ಸುಮ್ನಾಗ್ತೀಯೋ ಇಲ್ವೋ? ಆ ಅಜ್ಜಿನ ನೋಡು. ಅತ್ತರೆ ಹಿಡ್ಕೊಂಡು ಹೋಗ್ತಾರೆ."

ಮಗು ನೋಡಿತು. ಅಳು ನಡುವೆಯೇ ನಿಂತಿತು. ಬಾಯಿ ತೆರೆದೇ ಇತ್ತು, ಸದ್ದಿರಲಿಲ್ಲ.

"ಥ್ಯಾಂಕ್ಸ್ ಅಜ್ಜಿ," ಎಂದಳು ಆಕೆ ಪಿಸುದನಿಯಲ್ಲಿ. "ಒಂದೈದು ನಿಮಿಷ ಹಂಗೇ ನೋಡ್ತಿರಿ. ನಮ್ಮ ನಂಬರ್ ಬರೋ ತನಕ."

ಪ್ರೇಮಕ್ಕ ಆಕೆಯನ್ನು ನೋಡಿದಳು. ಆಮೇಲೆ ಮಗುವಿನ ಕಡೆಗೆ ಬಾಗಿದಳು. ಮಗು ತಾಯಿಯ ಕುತ್ತಿಗೆಗೆ ಅಂಟಿಕೊಂಡಿತು.

"ನಾ ಹಿಡ್ಕೊಂಡು ಹೋಗಂಗಿಲ್ಲವಾ," ಎಂದಳು. "ನಿಮ್ಮವ್ವ ಸುಳ್ಳ ಹೇಳಾಕತ್ತಾಳ. ನಾ ಏನೂ ಮಾಡಂಗಿಲ್ಲ."

ಮಗು ಒಂದು ಕಣ್ಣಿನಿಂದ ಅವಳನ್ನು ನೋಡಿತು. ಅದು ನಿಜವೆಂದು ಖಾತ್ರಿಯಾದ ಮೇಲೆ, ಉಸಿರು ತುಂಬಿಕೊಂಡು, ಮೊದಲಿಗಿಂತ ಜೋರಾಗಿ ಅಳತೊಡಗಿತು.

"ಏನ್ರೀ ಅಜ್ಜಿ ನೀವು," ಎಂದಳು ತಾಯಿ. "ಈಗ್ತಾನೆ ಸುಮ್ನಾಗಿದ್ಲು."